ಅಲಮೇನಿನ ತಗ್ಗು, ಅಪ್ಪನ ಎಡಗಡೆ

ಕೈರೋ

ತಪಾಸಣೆಯ ಪ್ಲಾಸ್ಟಿಕ್ ತಟ್ಟೆಗೆ ಕೊನೆಯಲ್ಲಿ ಬಿದ್ದದ್ದು ಕೆಂಪು ಉಲ್ಲನ್ ದಾರ ಕಟ್ಟಿದ ಒಂದು ಸ್ಕೂಟರ್ ಕೀಲಿ. ಅದಕ್ಕೂ ಮೊದಲು ಅಪ್ಪನ ಬಲಗಾಲಿನ ಕಾಲುಚೀಲದೊಳಗಿಂದ ಕಣ್ಣಿಗೆ ಹಾಕುವ ಹನಿಯ ಬಾಟಲಿ ಹೊರಬಂದಿತ್ತು. ಅಧಿಕಾರಿ ಬಾಟಲಿಯ ಬಗ್ಗೆ ಏನೂ ಕೇಳಲಿಲ್ಲ. ಕೀಲಿಯನ್ನು ಎತ್ತಿ ಹಿಡಿದು ಅಪ್ಪನ ಮುಖ ನೋಡಿದ.

"ಸ್ಕೂಟರ್," ಎಂದರು ಅಪ್ಪ. "ಮೇರಾ ಸ್ಕೂಟರ್. ಮಲ್ಕಾಜ್‌ಗಿರಿ."

ಅವನು ಗಾಜಿನ ಬಾಗಿಲಿನಾಚೆ ಟ್ಯಾಕ್ಸಿಗಳು ನಿಂತ ಕಡೆಗೊಮ್ಮೆ ಕಣ್ಣು ಹಾಯಿಸಿ, ಸ್ಕೂಟರ್ ಕಾಣದೆ, ಕೀಲಿ ವಾಪಸ್ ಕೊಟ್ಟ.

ಅಪ್ಪ ಕೀಲಿಯನ್ನು ಈಜಿಪ್ಟಿನವರೆಗೆ ತಂದದ್ದು ಮರೆತು ಅಲ್ಲ. ಹೈದರಾಬಾದಿನ ಮನೆಯಲ್ಲಿ ಬಿಟ್ಟು ಬಂದರೆ ಅವ್ವ ಸ್ಕೂಟರನ್ನು ಮಾರಿಬಿಡುತ್ತಾಳೆ ಎಂಬ ಅನುಮಾನ ಅವರಿಗಿತ್ತು. ಅನುಮಾನ ಸರಿಯಾಗಿತ್ತು. ಹೊರಡುವ ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದ್ದಳು: "ಅವರಿಗೆ ಎಷ್ಟು ಕಾಣಸ್ತೈತಿ ಅನ್ನೂದನ್ನ ನೋಡ್ಕೊಂಡು ಬಾ. ನನ್ನ ಮುಂದ ಹೇಳಂಗಿಲ್ಲ, ಡಾಕ್ಟರ್ ಮುಂದೂ ಹೇಳಂಗಿಲ್ಲ. ಸ್ಕೂಟರ್ ತಗೊಂಡು ಕಾಯಿಪಲ್ಯಕ್ಕ ಹೋದ್ರಂದ್ರ ತಿರುಗಿ ಬರೂತನಾ ನನ್ನ ಜೀವ ಬಾಯಾಗ ಇರ್ತೈತಿ."

ಅಪ್ಪ ಗೂಡ್ಸ್ ಗಾಡಿಯ ಡ್ರೈವರ್ ಆಗಿದ್ದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ಸರಿಯಾಗಿ ಕಾಣುತ್ತಿಲ್ಲ ಎಂದು ತಾವೇ ಹೇಳಿಕೊಂಡು, ರೈಲ್ವೆಯ ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದ ಮೇಲೆ ಅವರನ್ನು ಇಂಜಿನ್‌ನಿಂದ ಇಳಿಸಿ ಆಫೀಸಿನಲ್ಲಿ ಒಂದು ಕುರ್ಚಿ ಕೊಟ್ಟರು. ನಿವೃತ್ತಿಯವರೆಗೆ ಆ ಕುರ್ಚಿಯಲ್ಲಿ ಕೂತು ಎರಡನೇ ಮಹಾಯುದ್ಧದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದರು. ಒಮ್ಮೆ ನಿಜ ಹೇಳಿ ಇಂಜಿನ್ ಕಳೆದುಕೊಂಡವರು ಎರಡನೇ ಸಲ ನಿಜ ಹೇಳಿ ಸ್ಕೂಟರ್ ಕಳೆದುಕೊಳ್ಳಲು ತಯಾರಿರಲಿಲ್ಲ ಎಂದು ನಾನು ಅಂದುಕೊಂಡಿದ್ದೇನೆ. ಕೇಳಿಲ್ಲ.

ಅಲೆಕ್ಸಾಂಡ್ರಿಯಾ

ಕೈರೋದಿಂದ ಅಲೆಕ್ಸಾಂಡ್ರಿಯಾಕ್ಕೆ ರೈಲಿನಲ್ಲಿ ಹೋದೆವು. ಅಪ್ಪ ಕಿಟಕಿಯ ಪಕ್ಕ ಕೂತು, ಡ್ರೈವರ್ ಬ್ರೇಕ್ ಹಾಕುವುದು ಸ್ವಲ್ಪ ತಡ ಎಂದು ಎರಡು ಸಲ ಹೇಳಿದರು. ಅದು ಬಿಟ್ಟರೆ ಪ್ರಯಾಣದ ಬಗ್ಗೆ ಅವರದು ಬೇರೆ ದೂರಿರಲಿಲ್ಲ.

ಅಲೆಕ್ಸಾಂಡ್ರಿಯಾದಲ್ಲಿ ಸಮುದ್ರದ ದಂಡೆಗುಂಟ ಒಂದು ದೊಡ್ಡ ರಸ್ತೆ. ಸಿಗ್ನಲ್ ಇದ್ದಲ್ಲೂ ಜನ ಅದಕ್ಕಾಗಿ ಕಾಯುವುದಿಲ್ಲ. ಒಂದು ಕೈಯನ್ನು ಮುಂದೆ ಚಾಚಿ ನಡೆದುಬಿಡುತ್ತಾರೆ, ಗಾಡಿಗಳು ಅವರನ್ನು ಬಳಸಿಕೊಂಡು ಹೋಗುತ್ತವೆ. ಕೂಕಟ್‌ಪಲ್ಲಿಯಲ್ಲಿ ದಿನಾ ರಸ್ತೆ ದಾಟಿ ಕೆಲಸಕ್ಕೆ ಹೋಗುವ ನನಗೆ ಇದು ಕಷ್ಟವಾಗಬಾರದಿತ್ತು. ಆದರೆ ಅಲ್ಲಿ ಗಾಡಿಗಳು ರಸ್ತೆಯ ಬಲಬದಿಗೆ ಓಡುತ್ತವೆ, ದಾಟುವವನ ಮೇಲೆ ಮೊದಲು ಬರುವುದು ಎಡದಿಂದ. ಅಪ್ಪ ಮೂರು ಸಲ ಬಲಕ್ಕೆ ನೋಡಿ ಕಾಲಿಟ್ಟರು, ಮೂರು ಸಲ ನಾನು ಅಂಗಿ ಹಿಡಿದು ಎಳೆದೆ.

"ರೂಢಿ ಇಲ್ಲ, ಅದಕ್ಕ," ಎಂದರು.

ನಾಲ್ಕನೇ ಸಲ ನಾವು ರಸ್ತೆ ದಾಟುತ್ತಿರಲಿಲ್ಲ. ತಲೆಯ ಮೇಲೆ ಹಲಗೆಯ ತುಂಬ ರೊಟ್ಟಿ ಹೊತ್ತು ಸೈಕಲ್ ಹೊಡೆಯುತ್ತ ಬಂದವನೊಬ್ಬ ಅಪ್ಪನ ಎಡ ಭುಜವನ್ನು ಸವರಿಕೊಂಡು ಹೋದ. ಅಲ್ಲಿ ರೊಟ್ಟಿ ಸಾಗಿಸುವುದೇ ಹಾಗೆ. ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಹಲಗೆಯ ಮೇಲೆ. ಅವನು ಬಾಯಿಂದ ಸೀಟಿ ಹಾಕುತ್ತಲೇ ಬಂದಿದ್ದ. ಅಪ್ಪ ಬೆಚ್ಚಿ ನಿಂತರು. ಇದಕ್ಕೆ ರೂಢಿಯ ನೆಪ ಇರಲಿಲ್ಲ.

ಮಧ್ಯಾಹ್ನ ಅನ್ನ, ಮಸೂರ ಬೇಳೆ, ಮ್ಯಾಕರೋನಿ ಮೂರನ್ನೂ ಒಂದೇ ಬಟ್ಟಲಿಗೆ ಹಾಕಿ ಮೇಲೆ ಹುರಿದ ಉಳ್ಳಾಗಡ್ಡಿ ಉದುರಿಸಿದ್ದನ್ನು ತಿಂದೆವು. ಊಟದ ನಡುವೆ ಅವ್ವನ ಫೋನ್ ಬಂತು.

"ಏನ್ ತಿಂದ್ರಿ?"

"ಬಿಸಿಬ್ಯಾಳಿ ಭಾತಿನಾಗ ಶಾವಿಗಿ ಬಿದ್ದಂಗ ಐತಿ," ಎಂದರು ಅಪ್ಪ. "ಚಲೋ ಐತಿ."

"ಸೋತ ಲಡಾಯಿ ನೋಡಾಕ ಅಷ್ಟು ದೂರ ಹೋಗೀರಿ. ಗೆದ್ದದ್ದು ಯಾವುದೂ ಹತ್ತರ ಇರಲಿಲ್ಲೇನು?"

"ಅದು ನಿನಗ ತಿಳಿಯೂದಿಲ್ಲ, ಬಿಡು."

ಅವ್ವನಿಗೆ ತಿಳಿಯದ ವಿಷಯ ಅದಲ್ಲ. ನಮ್ಮ ಮನೆಯಲ್ಲಿ ಅದನ್ನು ತಿಳಿಯದೆ ಇರುವುದು ಸಾಧ್ಯವಿರಲಿಲ್ಲ. ಕುಷಾಯಿಗೂಡದಲ್ಲಿರುವ ನನ್ನ ಸೋದರಮಾವ ಭಾನುವಾರ ಬಂದರೆಂದರೆ ಪಡಸಾಲೆಯ ನೆಲವೇ ಭೂಪಟ. ರುಬ್ಬುವ ಗ್ರೈಂಡರ್ ಸ್ಟಾಲಿನ್‌ಗ್ರಾಡ್. ಬಚ್ಚಲ ಬಾಗಿಲಿನ ಒದ್ದೆ ನೆಲ ಮಿಡ್‌ವೇ, ಜಪಾನಿನ ನಾಲ್ಕು ವಿಮಾನವಾಹಕ ಹಡಗುಗಳು ಅಲ್ಲಿ ಮುಳುಗುತ್ತಿದ್ದವು. ಚಪ್ಪಲಿ ಸ್ಟ್ಯಾಂಡು ಅಲಮೇನ್. ಯುದ್ಧ ತಿರುಗಿದ್ದು ಸ್ಟಾಲಿನ್‌ಗ್ರಾಡಿನಲ್ಲಿ ಎಂದು ಮಾವ. ಅಷ್ಟು ಜನ ಸತ್ತ, ಒಂದು ಇಡೀ ಸೈನ್ಯ ಶರಣಾದ ಜಾಗ ಬಿಟ್ಟು ಬೇರೆ ಯಾವುದನ್ನು ಹೇಳುತ್ತೀರಿ ಎಂದು ಅವರ ಪ್ರಶ್ನೆ. ಅಪ್ಪ ಅದನ್ನು ಒಪ್ಪುತ್ತಿದ್ದರು. ಒಪ್ಪಿ, ಚಪ್ಪಲಿ ಸ್ಟ್ಯಾಂಡಿನ ಕಡೆ ಸರಿಯುತ್ತಿದ್ದರು. "ನಿಮ್ಮ ಸ್ಟಾಲಿನ್‌ಗ್ರಾಡ್ ಸ್ವಲ್ಪ ಸರಸ್ರಿ, ನೆಲಾ ಒರಸಬೇಕು," ಎಂದು ಅವ್ವ ಬರುವವರೆಗೂ ಇದು ನಡೆಯುತ್ತಿತ್ತು.

ಅಪ್ಪನ ವಾದ ಇಷ್ಟು. 1942ರ ಬೇಸಿಗೆಯಲ್ಲಿ ಜರ್ಮನಿ ಮತ್ತು ಇಟಲಿಯ ಸೈನ್ಯ ಮರಳುಗಾಡಿನಲ್ಲಿ ಬ್ರಿಟಿಷರನ್ನು ಅಟ್ಟಿಸಿಕೊಂಡು ಬಂತು. ಮುಂದೆ ಅಲೆಕ್ಸಾಂಡ್ರಿಯಾ, ಅದರಾಚೆ ಸುಯೆಜ್ ಕಾಲುವೆ. ತಡೆಯಲು ಉಳಿದ ಕೊನೆಯ ಜಾಗ ಅಲಮೇನ್. ಜುಲೈ ಒಂದರಂದು ಅವರ ದಾರಿಯಲ್ಲಿದ್ದ ದೇರ್ ಎಲ್ ಶೈನ್ ಎಂಬ ತಗ್ಗಿನಲ್ಲಿ, ಇರಾಕಿನಿಂದ ಅವಸರದಲ್ಲಿ ಬಂದ ಒಂದು ಭಾರತೀಯ ಬ್ರಿಗೇಡ್ ಇತ್ತು. ಸಿಖ್ಖರು, ಗೂರ್ಖಾಗಳು, ಜೊತೆಗೆ ಒಂದು ಇಂಗ್ಲಿಷ್ ಪಲ್ಟಣ. ಸರಿಯಾಗಿ ನೆಲ ಅಗೆದುಕೊಳ್ಳಲೂ ಪುರುಸೊತ್ತು ಸಿಕ್ಕಿರಲಿಲ್ಲ. ಸಂಜೆಯ ಹೊತ್ತಿಗೆ ಸೋತರು, ಬಹಳ ಮಂದಿ ಸೆರೆಯಾದರು. ಆದರೆ ಶತ್ರುವಿನ ಒಂದು ಇಡೀ ದಿನ ಅಲ್ಲಿ ಕಳೆದುಹೋಯಿತು. ಆ ದಿನದಲ್ಲಿ ಹಿಂದಿನ ಸಾಲು ಗಟ್ಟಿಯಾಯಿತು. ಆಮೇಲೆ ಶತ್ರು ಮುಂದೆ ಬರಲಿಲ್ಲ. ಅಕ್ಟೋಬರಿನಲ್ಲಿ ಅದೇ ಅಲಮೇನಿನಲ್ಲಿ ನಡೆದ ದೊಡ್ಡ ಕದನ, ಗೆದ್ದ ಕದನ, ಎಲ್ಲರಿಗೂ ಗೊತ್ತು.

"ಒಂದು ಗೂಡ್ಸ್ ಗಾಡಿ ಔಟರ್ ಸಿಗ್ನಲ್‌ನ್ಯಾಗ ನಿಂತ್ರ ಹಿಂದಿನ ಗಾಡಿ ಎಲ್ಲಾ ನಿಲ್ತಾವ," ಎನ್ನುತ್ತಿದ್ದರು ಅಪ್ಪ. "ನಿಂತ ಗಾಡಿ ಹೆಸರು ಯಾರೂ ಬರಿಯಂಗಿಲ್ಲ."

ಆ ತಗ್ಗನ್ನು ಒಮ್ಮೆ ಕಣ್ಣಿನಿಂದ ನೋಡಬೇಕು ಎಂದು ಅವರು ಹೇಳಿದ್ದು ಹೋದ ವರ್ಷ. ಕಣ್ಣಿನಿಂದ ಎಂಬ ಮಾತನ್ನು ನಾನು ಕೇಳಿಸಿಕೊಂಡೆ, ರಜೆ ಹಾಕಿದೆ.

ಅಲಮೇನ್ ಸ್ಟೇಷನ್

ಮರಳುಗಾಡಿನೊಳಗೆ ಹೋಗಲು ಅನುಮತಿ ಬೇಕು. ಆ ಯುದ್ಧದಲ್ಲಿ ಹೂತ ನೆಲಬಾಂಬುಗಳನ್ನು ಇನ್ನೂ ಪೂರ್ತಿ ತೆಗೆದಿಲ್ಲ. ಅನುಮತಿ ಇದ್ದ, ದಾರಿ ಗೊತ್ತಿದ್ದ ಸಲೀಮ್ ಎಂಬವರು ಬೆಳಿಗ್ಗೆ ಪಿಕಪ್ ಗಾಡಿ ತಂದರು. ಐವತ್ತರ ಆಸುಪಾಸಿನವರು, ಆ ಕಡೆಯವರೇ. ಸ್ವಲ್ಪ ಇಂಗ್ಲಿಷ್, ಹಿಂದಿ ಸಿನಿಮಾದಿಂದ ಕಲಿತ ನಾಲ್ಕಾರು ಹಿಂದಿ ಮಾತು.

ಅಪ್ಪ ನೇರವಾಗಿ ಹೋಗಿ ಎಡಬಾಗಿಲು ತೆಗೆದು ಕೂತರು. ಎದುರಿಗೆ ಸ್ಟಿಯರಿಂಗ್.

"ನೀವು ಓಡಿಸುತ್ತೀರಾ?" ಎಂದರು ಸಲೀಮ್.

ಅಪ್ಪ ಇಳಿಯಲು ಅವಸರ ಮಾಡಲಿಲ್ಲ. "ಇಂಜಿನ್‌ನ್ಯಾಗ ನನ್ನ ಜಾಗಾ ಎಡಗಡೇನ ಇತ್ತು, ಹೇಳವ್ವಾ ಅವರಿಗೆ," ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಸಲೀಮ್ ಸಲಾಮು ಹೊಡೆದು, ಕೀಲಿ ಮಾತ್ರ ಕೊಡುವುದಿಲ್ಲ ಎಂದರು. ಅಪ್ಪ ಬಲಗಡೆಗೆ ಬಂದು ಕೂತರು, ನಾನು ಹಿಂದೆ.

ದಾರಿಯುದ್ದಕ್ಕೂ ಸಲೀಮ್ ಹಾರ್ನ್ ಒತ್ತುತ್ತಲೇ ಇದ್ದರು. ಇದು ನಮ್ಮ ಊರಿನಂತೆಯೇ ಎಂದುಕೊಂಡೆ, ಅಲ್ಲ. ಅವರ ಹಾರ್ನಿಗೆ ಅರ್ಥವಿತ್ತು. ಎರಡು ಗಿಡ್ಡ ಎಂದರೆ ಉಪಕಾರವಾಯಿತು. ಒಂದು ಉದ್ದ ಎಂದರೆ ಬೈಗುಳ. ಅದರಲ್ಲಿ ತಾಯಿಯನ್ನು ಬೈಯುವ ಉದ್ದ ಬೇರೆಯೇ ಇದೆ, ಮಗಳು ಹಿಂದೆ ಕೂತಿದ್ದಾಳೆ, ಅದನ್ನು ಒತ್ತಿ ತೋರಿಸುವುದಿಲ್ಲ ಎಂದರು.

ಅಪ್ಪನಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವಂತಿರಲಿಲ್ಲ. ಸಲೀಮರ ಹಾರ್ನ್ ಮೇಲೆ ತಾವೇ ಕೈಯಿಟ್ಟು ಪಾಠ ಶುರುಮಾಡಿದರು. "ಹಮಾರಾ ರೈಲ್ವೆ ಮೇ, ಸುನೋ ಭಾಯ್. ಏಕ್ ಲಂಬಾ, ಸುರಂಗ್ ಆರಾ. ತೀನ್ ಛೋಟಾ, ಗಾರ್ಡ್ ಸಾಬ್, ಬ್ರೇಕ್ ಮಾರೋ. ಔರ್ ಯೇ..." ಎಂದು ಗಿಡ್ಡವಾಗಿ, ಒಂದರ ಬೆನ್ನಿಗೊಂದು, ನಿಲ್ಲಿಸದೆ ಒತ್ತಿದರು. "ಯೇ ಖತರಾ. ಸಾಮ್ನೇ ಡೇಂಜರ್. ಜೋ ಬೀ ಸುನಾ, ಉನೇ ರುಕ್ನಾಚ್." ಕೇಳಿಸಿದವನು ಯಾರೇ ಆಗಲಿ, ನಿಲ್ಲಲೇಬೇಕು.

"ಖತರ್," ಎಂದು ಸಲೀಮ್ ತಲೆಯಾಡಿಸಿದರು. ಅವರ ಭಾಷೆಯಲ್ಲೂ ಅದು ಅದೇ.

ಈ ಸೀಟಿಗಳು ನನಗೆ ಅಕ್ಷರಕ್ಕಿಂತ ಮೊದಲು ಗೊತ್ತು. ರೈಲ್ವೆ ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಗೊತ್ತಿರುತ್ತದೆ.

ಅಪ್ಪ ಇನ್ನೊಂದು ಸಂಗತಿ ಹೇಳಿದರು. ಇಂಜಿನ್ನಿನಲ್ಲಿ ಸಿಗ್ನಲ್ ಕಂಡರೆ ಅಸಿಸ್ಟೆಂಟ್ ಅದನ್ನು ಬಾಯಿಬಿಟ್ಟು ಹೇಳಬೇಕು, ಡ್ರೈವರ್ ಅದನ್ನೇ ತಿರುಗಿ ಹೇಳಬೇಕು. ಇಬ್ಬರಿಗೂ ಕಂಡಿದ್ದರೂ ಸರಿ. "ಹಳದಿ ಅಂದ ಅಂವ, ಹಳದಿ ಅಂದೆ ನಾ. ಮೂವತ್ತು ವರ್ಷ ಹಿಂಗ ಗಿಣಿ ಹಂಗ ಮಾತಾಡೀನಿ."

ಅಲಮೇನ್ ಎಂದರೆ ಮೂಲತಃ ಒಂದು ಪುಟ್ಟ ರೈಲ್ವೆ ಸ್ಟೇಷನ್. ಹಳಿಯ ಪಕ್ಕ ಬಣ್ಣ ಹೋದ ಒಂದು ಕಟ್ಟಡ ಇದೆ. ಆಚೆ ಸಮುದ್ರದ ಕಡೆ ಎತ್ತರದ ಹೊಸ ಕಟ್ಟಡಗಳು ಎದ್ದಿವೆ, ನಮ್ಮಲ್ಲಿ ಊರ ಹೊರಗೆ ಏಳುವಂಥವೇ. ಫೋಟೋ ತೆಗೆಯಲು ಹೋದಾಗ ಕಾವಲಿನವನು ಬೇಡ ಎಂದು ಕೈಯಾಡಿಸಿದ. ಅಪ್ಪ ಪ್ಲಾಟ್‌ಫಾರ್ಮಿನ ಅಂಚನ್ನು ಚಪ್ಪಲಿಯಿಂದ ತಟ್ಟಿ ನೋಡಿ, "ಇಳಿಯೋರು ಯಾರೂ ಇರಂಗಿಲ್ಲ ಇಲ್ಲಿ. ಇಂಥಾ ಸ್ಟೇಷನ್ನಿಗೇ ಹೆಸರು ಬರೂದು," ಎಂದರು.

ಯುದ್ಧದ ಸ್ಮಶಾನಕ್ಕೂ ಹೋದೆವು. ಸಾಲುಸಾಲು ಬಿಳಿ ಕಲ್ಲು, ತುಂಬ ಅಚ್ಚುಕಟ್ಟು. ದಹನ ಮಾಡಿದ ಭಾರತೀಯರ ಹೆಸರುಗಳು ಬೇರೆ ಕಲ್ಲಿನ ಮೇಲಿವೆ. ನಮ್ಮ ಮನೆತನದವರು ಯಾರೂ ಅಲ್ಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು, ಮೂಗು ಹತ್ತುವಷ್ಟು ಸಮೀಪ ಹೋಗಿ ಒಂದಷ್ಟು ಹೆಸರು ಓದಿದರು. ಕಲ್ಲಿನ ಎಡಭಾಗವನ್ನು ಓದಲು ಇಡೀ ದೇಹವನ್ನೇ ಎಡಕ್ಕೆ ಸರಿಸುತ್ತಿದ್ದರು. ಕಣ್ಣನ್ನಲ್ಲ, ಕುತ್ತಿಗೆಯನ್ನಲ್ಲ, ದೇಹವನ್ನು. ನಾನು ಅದನ್ನು ನೋಡಿದೆ.

ತಗ್ಗು

ತಗ್ಗಿನ ದಾರಿಯಲ್ಲಿ ಮೊದಲು ಸಿಗುವುದು ಒಂದು ದಿಬ್ಬ. ದಿಬ್ಬ ಎಂದರೆ ನನ್ನ ಕಲ್ಪನೆಯಲ್ಲಿ ಹೈದರಾಬಾದಿನ ಮೌಲಾ ಅಲಿಯ ಬಂಡೆಗುಡ್ಡ ಇತ್ತು. ಇಲ್ಲಿ ಅಂಥದ್ದೇನೂ ಇಲ್ಲ. ರುವೈಸಾತ್ ಎಂಬ ಈ ದಿಬ್ಬಕ್ಕಾಗಿ ಎರಡೂ ಕಡೆಯವರು ಒಂದು ತಿಂಗಳು ಕಾದಾಡಿ ಸತ್ತರು, ಆದರೆ ಅದರ ಮೇಲೆ ನಿಂತಾಗ ದಿಬ್ಬದ ಮೇಲಿದ್ದೇವೆ ಎಂದು ಸಲೀಮ್ ಹೇಳಬೇಕಾಯಿತು. ಬೂದು ನೆಲ, ಸಣ್ಣ ಕಲ್ಲು, ಮೊಣಕಾಲೆತ್ತರದ ಒಣ ಪೊದೆ. ಗಾಳಿ ಮಾತ್ರ ಬಲವಾಗಿತ್ತು. ದಿಬ್ಬದ ಪಡುವಣ ತುದಿಯಾಚೆ ದೇರ್ ಎಲ್ ಶೈನ್ ತಗ್ಗು.

ಗಾಡಿ ನಿಲ್ಲಿಸಿ ಸಲೀಮ್ ಸ್ಪಷ್ಟವಾಗಿ ಹೇಳಿದರು. ಚಕ್ರದ ಜಾಡು ಬಿಡಬಾರದು. ಜಾಡಿನ ಎರಡೂ ಕಡೆ ಸುಣ್ಣ ಬಳಿದ ಕಲ್ಲುಗಳಿವೆ, ಅವುಗಳ ಆಚೆಯ ನೆಲವನ್ನು ಯಾರೂ ಶೋಧಿಸಿಲ್ಲ. ನಾನು ಅದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಹೂಂ ಎಂದರು.

"ತಗ್ಗು ಯಾವ ಕಡೆ? ನಿನಗ ಕಾಣಸ್ತೈತೇನು?"

ನಾನು ನೋಡಿದೆ. ಎಲ್ಲ ಕಡೆಯೂ ಒಂದೇ ಸಮ. "ಇಲ್ರಿ ಅಪ್ಪಾ. ಕಾಣಸ್ವಲ್ದು."

"ನಿನಗೂ ಕಾಣಸ್ವಲ್ದಾ?" ಎಂದರು. ಅವರ ದನಿಯಲ್ಲಿ ಒಂದಿಷ್ಟು ಸಮಾಧಾನ ಇತ್ತು.

ನನ್ನ ಕೆಲಸವೇ ಉಪಗ್ರಹದ ಚಿತ್ರಗಳಿಂದ ನಕ್ಷೆ ಮಾಡುವುದು. ಫೋನಿನಲ್ಲಿ ಆ ಜಾಗದ ನಕ್ಷೆ ಇಳಿಸಿ ತಂದಿದ್ದೆ. ಅದನ್ನು ಗಾಡಿಯ ಬಾನೆಟ್ ಮೇಲಿಟ್ಟು, ತಗ್ಗಿನ ಅಂಚು ಎಲ್ಲಿ ಶುರುವಾಗುತ್ತದೆ ಎಂದು ಸಲೀಮರೊಡನೆ ಲೆಕ್ಕ ಹಾಕತೊಡಗಿದೆ. ಅವರು ಬೆರಳಿಟ್ಟ ಜಾಗ ಒಂದು, ನನ್ನದು ಇನ್ನೊಂದು. ತಲೆ ಎತ್ತಿದಾಗ ಅಪ್ಪ ಮುಂದೆ ನಡೆದುಹೋಗಿದ್ದರು.

ಜಾಡು ಅಲ್ಲಿ ಎಡಕ್ಕೆ ತಿರುಗಿತ್ತು. ಬಿಳಿ ಕಲ್ಲುಗಳೂ ಅದರೊಡನೆ ಎಡಕ್ಕೆ ತಿರುಗಿದ್ದವು. ಅಪ್ಪ ತಿರುಗಿರಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹಳಿಯ ಮೇಲೆ ಹೋಗುವವರಂತೆ ನೆಟ್ಟಗೆ ನಡೆಯುತ್ತಿದ್ದರು. ಆ ಕಲ್ಲುಗಳ ಸಾಲು ದಾಟಲು ಅವರಿಗೆ ಹೆಚ್ಚು ಹೆಜ್ಜೆ ಬೇಕಿರಲಿಲ್ಲ.

ಕೂಗಿದೆ. ಗಾಳಿ ನನ್ನ ಮುಖಕ್ಕೇ ಬೀಸುತ್ತಿತ್ತು, ಕೂಗು ಹಿಂದಕ್ಕೆ ಹೋಯಿತು. ಓಡಬೇಡ ಎಂದು ಸಲೀಮ್ ನನ್ನ ತೋಳು ಹಿಡಿದು, ಕಿಟಕಿಯೊಳಗೆ ಕೈ ಹಾಕಿ ಹಾರ್ನ್ ಒತ್ತಿದರು. ಉದ್ದವಾಗಿ, ಬಿಡದೆ. ಅಪ್ಪನಿಗೆ ಕೇಳಿಸಿತು. ಕೇಳಿಸಿದ್ದು ಹೇಗೆ ಗೊತ್ತಾಯಿತೆಂದರೆ, ಅವರು ತಿರುಗದೆ ಬಲಗೈ ಎತ್ತಿ, ಮಲ್ಕಾಜ್‌ಗಿರಿಯ ಬಜಾರಿನಲ್ಲಿ ಹಿಂದಿನ ಆಟೋದವನಿಗೆ ತೋರಿಸುವಂತೆ, 'ತಡಿಯಪಾ' ಎಂದು ಆಡಿಸಿದರು. ನಡೆಯುತ್ತಲೇ ಇದ್ದರು. ಹೈದರಾಬಾದಿನಲ್ಲಿ ನಲವತ್ತು ವರ್ಷ ಬದುಕಿದವರನ್ನು ಹಾರ್ನ್ ನಿಲ್ಲಿಸುವುದಿಲ್ಲ.

ಸಲೀಮರ ಕೈ ತಳ್ಳಿ ನಾನು ಒತ್ತಿದೆ. ಗಿಡ್ಡ, ಗಿಡ್ಡ, ಗಿಡ್ಡ, ಗಿಡ್ಡ, ಗಿಡ್ಡ.

ಅಪ್ಪ ನಿಂತರು. ಎತ್ತಿದ ಕಾಲನ್ನು ಮುಂದಿಡದೆ ಹಿಂದಕ್ಕೆ ಎಳೆದುಕೊಂಡು ನಿಂತರು. ಆಮೇಲೆ ಇಡೀ ದೇಹವನ್ನು ನಿಧಾನವಾಗಿ ತಿರುಗಿಸಿ ನಮ್ಮ ಕಡೆ ನೋಡಿದರು. ನಾನು ಗಾಡಿಯ ಮುಂದೆ ಬಂದು ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಬಾವುಟ ಇಲ್ಲದಾಗ ಗಾಡಿ ನಿಲ್ಲಿಸುವ ರೀತಿ ಅದು. ಅವರು ಅಲ್ಲಾಡಲಿಲ್ಲ.

ಸಲೀಮ್ ಜಾಡಿನ ಮೇಲೆಯೇ ಸಮೀಪಕ್ಕೆ ಹೋಗಿ, ಬಂದ ಹೆಜ್ಜೆಗಳ ಮೇಲೇ ಹೆಜ್ಜೆ ಇಡುವಂತೆ ಕೈಯಿಂದ ತೋರಿಸಿದರು. ಅಪ್ಪ ನೆಲ ನೋಡುತ್ತ, ಒಂದೊಂದೇ ಹೆಜ್ಜೆ ಹುಡುಕಿಕೊಂಡು ವಾಪಸ್ ಬಂದರು. ಹೋಗುವಾಗ ಅವರು ಇಟ್ಟ ಕೊನೆಯ ಎರಡು ಹೆಜ್ಜೆ ಬಿಳಿ ಕಲ್ಲಿನ ಆಚೆಗಿದ್ದವು.

ಗಾಡಿಯ ಮೆಟ್ಟಿಲ ಮೇಲೆ ಕೂತು ನೀರು ಕುಡಿದರು.

"ಖಲಾಸ್," ಎಂದರು ಸಲೀಮ್, ಅಪ್ಪನ ಬೆನ್ನ ಮೇಲೆ ಕೈಯಿಟ್ಟು, ಮುಗಿಯಿತು ಹಿರಿಯರೇ ಎಂಬಂತೆ. "ಖಲಾಸ್, ಹಾಜ್."

"ಖಲಾಸ್ ಆಗಾಂವ ಇದ್ದೆ," ಎಂದರು ಅಪ್ಪ ಕನ್ನಡದಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ಹಾರ್ನ್ ಹೊಡದಾಂವ ಯಾರು?"

"ನಾನ ರಿ."

"ನಡುವ ಗ್ಯಾಪ್ ಭಾಳ ಆತು. ಇನ್ನೂ ಗಿಡ್ಡ ಹೊಡೀಬೇಕು."

"ಹೂಂ ರಿ."

ಅಪ್ಪ ಬಾಟಲಿಯ ಮುಚ್ಚಳ ತಿರುಗಿಸಿದರು, ತೆಗೆದರು, ಮತ್ತೆ ತಿರುಗಿಸಿದರು.

"ಎಡಗಡೆ ಕಲ್ಲು ನನಗ ಕಾಣಲಿಲ್ಲ ಯವ್ವಾ. ಎಡಗಡೆ ಏನೂ ಕಾಣಂಗಿಲ್ಲ. ಒಂದ ವರ್ಷ ಆತು."

ಎಷ್ಟು ಕಾಣುತ್ತದೆ ಎಂದು ನೋಡಿಕೊಂಡು ಬರಲು ಅವ್ವ ಕಳಿಸಿದ್ದಳು. ಅದಕ್ಕೆ ಉತ್ತರ ಸಿಕ್ಕಿತ್ತು. "ತಗ್ಗು ನೋಡೂದು ಉಳೀತಲ್ರಿ," ಎಂದೆ.

"ನೋಡೂದೇನೈತಿ? ನಿಂತು ಬಂದೆ. ಆ ಕಡೆ ಹೋಗೂ ಮುಂದ ನೆಲಾ ಇಳೀತು, ಕಾಲಿಗೆ ತಿಳೀತು. ಇಳಿಜಾರು."

ನಕ್ಷೆಯ ಪ್ರಕಾರ ತಗ್ಗಿನ ಅಂಚು ಇನ್ನೂ ಸಾಕಷ್ಟು ಮುಂದಿತ್ತು. ಸಲೀಮರ ಲೆಕ್ಕದಲ್ಲಿಯೂ ಹಾಗೆಯೇ. ನಾನು ಫೋನನ್ನು ಚೀಲಕ್ಕೆ ಹಾಕಿಕೊಂಡೆ. ವಾಪಸ್ ಹೊರಟಾಗ ಅಪ್ಪ ಕಿಟಕಿಯ ಕಡೆ ತಿರುಗಲಿಲ್ಲ. ಜಾಡು ಮುಗಿದು ಡಾಂಬರು ರಸ್ತೆ ಸಿಗುವವರೆಗೆ, ಗಾಡಿಯ ಮುಂದಿನ ಗಾಜಿನ ನಡುವೆ ಒಂದೇ ಕಡೆ ನೋಡುತ್ತ ಕೂತಿದ್ದರು.

ಸಂಜೆ ಅವ್ವ ಫೋನ್ ಮಾಡಿದಳು. "ಸಿಕ್ತೇನ ನಿಮ್ಮ ತಗ್ಗು?"

"ಸಿಕ್ತು," ಎಂದರು ಅಪ್ಪ, ಫೋನನ್ನು ನನ್ನ ಕೈಗೆ ಕೊಟ್ಟು ಮುಖ ತೊಳೆಯಲು ಹೋದರು.

ಅವ್ವ ದನಿ ತಗ್ಗಿಸಿದಳು. "ನೋಡಿದಿ ಹೌದಲ್ಲ? ಎಷ್ಟು ಕಾಣಸ್ತೈತಿ?"

"ಅವರನ್ನ ಕೇಳವ್ವಾ. ಈಗ ಹೇಳ್ತಾರ."

ಮರುದಿನ

ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪ ಸ್ಕೂಟರ್ ಕೀಲಿಯನ್ನು ನನ್ನ ಬಟ್ಟಲಿನ ಪಕ್ಕ ಇಟ್ಟರು.

"ನಿನ್ನ ಚೀಲದಾಗ ಇರಲಿ. ನನ್ನ ಕಿಸೆ ಹರದೈತಿ."

ಕಿಸೆ ಹರಿದಿರಲಿಲ್ಲ. ಆ ಪ್ಯಾಂಟಿಗೆ ಹಿಂದಿನ ದಿನ ಇಸ್ತ್ರಿ ಮಾಡಿದವಳು ನಾನೇ. ಕೀಲಿಯನ್ನು ಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದೆ.

ಸಮುದ್ರದ ಕಡೆ ಹೋಗಲು ಆ ದೊಡ್ಡ ರಸ್ತೆ ದಾಟಬೇಕಿತ್ತು. ಅಂಚಿಗೆ ಬಂದಾಗ ನಾನು ಅವರ ಎಡಗಡೆಗೆ ಹೋಗಿ ನಿಂತೆ. ಅಂಗಿ ಹಿಡಿಯಲಿಲ್ಲ.

"ಎಡಗಡೆ ಬಸ್ಸು," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ರಸ್ತೆ ನೋಡುತ್ತಲೇ, "ಎಡಗಡೆ ಬಸ್ಸು," ಎಂದರು.

ಬಸ್ಸು ಹೋಯಿತು. ಅದರ ಹಿಂದೆ ರೊಟ್ಟಿಯ ಹಲಗೆ ಹೊತ್ತ ಸೈಕಲ್ಲೂ ಹೋಯಿತು.

"ಖಾಲಿ," ಎಂದೆ.

"ಖಾಲಿ," ಎಂದರು ಅಪ್ಪ. ರಸ್ತೆಗೆ ಇಳಿದೆವು.